ಐದು ಚೌಕ, ಎರಡು ಸಹಿ

ಅಮೆರಿಕಾದ ವರಮಾನ ತೆರಿಗೆಯ ಕಾಗದಕ್ಕೆ ಫಾರಂ 1040 ಅಂತ ಹೆಸರು. ಅದರ ಮೊದಲ ಪುಟದಲ್ಲಿ, ನೀನು ದುಡಿದದ್ದೆಷ್ಟು ಅಂತ ಕೇಳುವುದಕ್ಕೂ ಮೊದಲೇ, ಐದು ಚಿಕ್ಕ ಚೌಕಗಳಿವೆ. ಒಂಟಿ. ಮದುವೆಯಾಗಿ ಜಂಟಿ ಲೆಕ್ಕ. ಮದುವೆಯಾಗಿ ಬೇರೆ ಬೇರೆ ಲೆಕ್ಕ. ಮನೆ ಯಜಮಾನ. ಸಂಗಾತಿ ತೀರಿಕೊಂಡು ಮಗು ಸಾಕುತ್ತಿರುವವರು. ಇದಕ್ಕೆ ಅಲ್ಲಿ ಫೈಲಿಂಗ್ ಸ್ಟೇಟಸ್ ಅನ್ನುತ್ತಾರೆ. ಐದರಲ್ಲಿ ಒಂದರೊಳಗೆ ಗುರುತು ಬೀಳಲೇಬೇಕು. ಡಿಸೆಂಬರ್ 31ರ ದಿನ ನೀನು ಗಂಡನೋ ಹೆಂಡತಿಯೋ ಒಂಟಿಯೋ, ಇಡೀ ವರ್ಷಕ್ಕೆ ನೀನು ಅದೇ.

ನಮ್ಮ ದೇಶದಲ್ಲಿ ಸಂಬಳ ತಗೊಳ್ಳುವ ಮೇಷ್ಟ್ರಿಗೆ ಮೇಷ್ಟ್ರ ಲೆಕ್ಕ. ಅವರ ಮನೆಯಾಕೆ ನರ್ಸಾಗಿದ್ದರೆ ಆಕೆಗೆ ಆಕೆಯ ಲೆಕ್ಕ. ಅಲ್ಲಿ ಹಾಗಲ್ಲ. ಗಂಡ ಹೆಂಡಿರಿಬ್ಬರ ದುಡಿಮೆಯನ್ನೂ ಒಂದೇ ಮೊರಕ್ಕೆ ಸುರಿದು ತೂರಬಹುದು, ಬೇರೆ ಬೇರೆಯಾಗಿಯೂ ತೂರಬಹುದು. ಹೇಗೆ ತೂರಿದರೆ ಎಷ್ಟು ಕಾಳು ಎಷ್ಟು ಜೊಳ್ಳು ಅನ್ನುವುದನ್ನು ಆ ಚೌಕ ತೀರ್ಮಾನ ಮಾಡುತ್ತದೆ.

ಈ ಸಂಗತಿ ನಮಗೆ ತಿಳಿದದ್ದು ಅಮೆರಿಕಾಕ್ಕೆ ಹೋಗಿ ಅಲ್ಲ. ಅಲ್ಲಿಯ ಜನರ ತೆರಿಗೆ ಕಾಗದಗಳಲ್ಲಿ ಒಂದು ಪಾಲು ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ತಯಾರಾಗುತ್ತದೆ. ಕೇರಿಯಿಂದ ಬಿ.ಕಾಂ. ಮುಗಿಸಿ ಬಂದ ನಾವು ಒಂದಷ್ಟು ಹುಡುಗ ಹುಡುಗಿಯರು ಅಂಥದೊಂದು ಕಟ್ಟಡದಲ್ಲಿ ರಾತ್ರಿ ಪಾಳಿ ಕೂತವರು. ಸೋಪಿಗೂ ಬೆಂಕಿಪೊಟ್ಟಣಕ್ಕೂ ಕಟ್ಟಿದ ತೆರಿಗೆ ಬಿಟ್ಟರೆ ನಮ್ಮ ಮನೆಗಳಲ್ಲಿ ವರಮಾನ ತೆರಿಗೆ ಕಂಡವರು ಯಾರೂ ಇಲ್ಲ, ವರಮಾನ ಇದ್ದರಲ್ಲವೇ ತೆರಿಗೆ. ಹಗಲು ಕವಿತೆ ಬರೆಯುವ ಕೈ ರಾತ್ರಿಯೆಲ್ಲ ಕಾಣದ ಜನರ ಸಂಸಾರವನ್ನು ಚೌಕದೊಳಕ್ಕೆ ತುಂಬುತ್ತದೆ.

ಚೌಕ ಅನ್ನುವುದು ನಮ್ಮ ಜನಕ್ಕೆ ಹೊಸದೇನಲ್ಲ. ನಮ್ಮ ಅಪ್ಪಂದಿರಲ್ಲಿ ಎಷ್ಟೋ ಜನ ಒಂದೇ ದಿನ ಹುಟ್ಟಿದವರು, ಜೂನ್ 1. ಸ್ಕೂಲಿಗೆ ಸೇರಿಸಿಕೊಂಡ ಮೇಷ್ಟ್ರು ಕೇಳಲಿಲ್ಲ, ಕೇಳಿದ್ದರೂ ಹೇಳುವವರಿಗೆ ಗೊತ್ತಿರಲಿಲ್ಲ. ಜಾತಿ ಕಾಲಮಿನಲ್ಲಿ ಒಂದು ಅಕ್ಷರ ಅತ್ತಿತ್ತ ಆದದ್ದಕ್ಕೆ ತಾಲ್ಲೂಕು ಆಫೀಸಿನ ಕಂಬ ಸುತ್ತಿ ಚಪ್ಪಲಿ ಸವೆಸಿದವರು ನಮ್ಮಲ್ಲಿ ಬೇಕಾದಷ್ಟು ಮಂದಿ. ಬರೆಯುವವನು ಒಬ್ಬ, ಬರೆಸಿಕೊಳ್ಳುವವನು ಇನ್ನೊಬ್ಬ, ಅನುಭವಿಸುವವನು ಮಾತ್ರ ಯಾವತ್ತೂ ಬರೆಸಿಕೊಂಡವನೇ. ಹಾಗಾಗಿ ಆ ಐದು ಚೌಕಗಳನ್ನು ಕಂಡಾಗ ನಮಗೆ ಮೊದಲು ಹುಟ್ಟಿದ ಪ್ರಶ್ನೆ ಇಷ್ಟೇ: ಇಲ್ಲಿ ಗುರುತು ತಪ್ಪಾಗಿ ಬಿದ್ದರೆ ತಿದ್ದುವುದು ಹೇಗೆ? ತಿದ್ದುವ ಹಕ್ಕು ಯಾರಿಗುಂಟು, ಎಷ್ಟು ದಿನ ಉಂಟು?

ಒಂದು ಮನೆ ಇಟ್ಟುಕೊಂಡು ಲೆಕ್ಕ ಹಾಕೋಣ. ವರ್ಷ 2024. ಗಂಡ ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಾನೆ, ವರ್ಷಕ್ಕೆ 24,000 ಡಾಲರ್. ಹೆಂಡತಿ ಹೋಟೆಲಿನ ಕೋಣೆಗಳನ್ನು ಗುಡಿಸುತ್ತಾಳೆ, 16,000 ಡಾಲರ್. ಎರಡು ಚಿಕ್ಕ ಮಕ್ಕಳು. ನಾಲ್ವರೂ ಒಂದೇ ಸೂರಿನ ಕೆಳಗೆ. ಇವರು ರಸ್ತೆ ಬದಿಯ ಅಂಗಡಿಯೊಂದರಲ್ಲಿ ಕಾಗದ ಬರೆಸುತ್ತಾರೆ. ಅಮೆರಿಕಾದ ಬಹುಪಾಲು ರಾಜ್ಯಗಳಲ್ಲಿ ಯಾವ ಪರೀಕ್ಷೆಯನ್ನೂ ಪಾಸು ಮಾಡದೆ ಕೂಲಿಗೆ ತೆರಿಗೆ ಕಾಗದ ಬರೆದುಕೊಡಬಹುದು, ನಮ್ಮ ತಾಲ್ಲೂಕು ಕಚೇರಿಯ ಮುಂದಿನ ಅರ್ಜಿ ಬರೆಯುವವರ ಹಾಗೆ. ಅಂಗಡಿಯವನು ಗಂಡನನ್ನು ‘ಮನೆ ಯಜಮಾನ’ ಚೌಕಕ್ಕೆ, ಹೆಂಡತಿಯನ್ನು ‘ಒಂಟಿ’ ಚೌಕಕ್ಕೆ ಹಾಕುತ್ತಾನೆ. ಜಾಸ್ತಿ ದುಡ್ಡು ಬರ್ತದೆ, ಸಹಿ ಹಾಕಿ ಅಂತಾನೆ.

ಜಾಸ್ತಿ ಬರುವುದೂ ನಿಜವೇ. ಮಕ್ಕಳ ಬಾಬ್ತು ಕೊಡುವ ಹಣ, ದುಡಿಯುವ ಬಡವರಿಗೆ 1975ರಿಂದ ಕೊಡುತ್ತ ಬಂದ ‘ಅರ್ನ್ಡ್ ಇನ್‌ಕಮ್ ಕ್ರೆಡಿಟ್’ ಅನ್ನುವ ಸಹಾಯಧನ, ಎಲ್ಲ ಕೂಡಿಸಿ ತೆರಿಗೆ ಕಳೆದರೆ, ಇಬ್ಬರ ಕೈಗೂ ಸೇರಿ ಸುಮಾರು 9,970 ಡಾಲರ್. ಸಂಬಳದಲ್ಲಿ ಮುಂಚೆಯೇ ಮುರಿದುಕೊಂಡದ್ದು ಬೇರೆ. ಆದರೆ ಈ ಲೆಕ್ಕ ಸುಳ್ಳು. ಗಂಡ ಹೆಂಡತಿ ಒಂದೇ ಮನೆಯಲ್ಲಿ ಬಾಳುತ್ತಿರುವಾಗ ಹೆಂಡತಿ ಒಂಟಿಯಲ್ಲ, ಗಂಡ ಆ ಅರ್ಥದ ಯಜಮಾನನೂ ಅಲ್ಲ. ಆ ಚೌಕ ಇರುವುದು ಮದುವೆಯಾಗದೆ, ಅಥವಾ ಸಂಗಾತಿಯಿಂದ ದೂರವಾಗಿ, ಅರ್ಧಕ್ಕಿಂತ ಹೆಚ್ಚು ಖರ್ಚು ತಾನೇ ಹೊತ್ತು ಮನೆ ನಡೆಸುವವರಿಗೆ.

ಒಂದು ದಿನ ಇಲಾಖೆಯ ಕಾಗದ ಬರುತ್ತದೆ. ನಿಮಗೆ ಮದುವೆಯಾಗಿದೆ, ಜಂಟಿ ಲೆಕ್ಕ ಕೊಟ್ಟಿಲ್ಲ, ಆದ್ದರಿಂದ ನೀವಿಬ್ಬರೂ ‘ಮದುವೆಯಾಗಿ ಬೇರೆ ಬೇರೆ’. ಬೇರೆ ಬೇರೆ ಲೆಕ್ಕದವರಿಗೆ ಒಂದೇ ಮನೆಯಲ್ಲಿದ್ದರೆ ಆ ಬಡವರ ಸಹಾಯಧನವೇ ಇಲ್ಲ. ಆಗ ಅದೇ ಮನೆಗೆ ಉಳಿಯುವುದು 2,920 ಡಾಲರ್. ಮಿಕ್ಕ ಸುಮಾರು 7,050 ಡಾಲರನ್ನು ಬಡ್ಡಿ ಸಮೇತ ವಾಪಸ್ಸು ಕಟ್ಟು ಅಂತಾರೆ. ಆ ಹಣ ಅಷ್ಟರೊಳಗೆ ಮನೆ ಬಾಡಿಗೆಯಾಗಿ ಹಲ್ಲಿನ ವೈದ್ಯರ ಬಿಲ್ಲಾಗಿ ಕರಗಿಹೋಗಿರುತ್ತದೆ.

ಅದೇ ದಂಪತಿ ನ್ಯಾಯವಾಗಿ ಜಂಟಿ ಲೆಕ್ಕಕ್ಕೆ ತಿದ್ದಿಕೊಂಡರೆ? ಸುಮಾರು 7,700 ಡಾಲರ್ ಅವರದ್ದೇ. 2,270 ಡಾಲರಿನಷ್ಟು ಮಾತ್ರ ಹಿಂದಿರುಗಿಸಬೇಕು. ಗೆಳೆಯರೆ, ಈ ಮೂರು ಅಂಕಿಗಳನ್ನು ನೋಡಿ. 9,970 ಅವರದ್ದಲ್ಲದ ಹಣ. 2,920 ಅವರಿಗೆ ತಿಳಿಯದೇ ಹೋದರೆ ದಕ್ಕುವ ಹಣ. 7,700 ಅವರ ಹಕ್ಕು. ಸುಳ್ಳಿನಿಂದ ಬಂದದ್ದನ್ನು ಬಿಡಬೇಕು, ಸರಿ. ಆದರೆ ಸುಳ್ಳನ್ನು ಕಿತ್ತುಕೊಳ್ಳುವ ಕೈ ಅದರ ಜೊತೆಗೇ ಹಕ್ಕನ್ನೂ ಕಿತ್ತುಕೊಂಡು ಹೋಗುತ್ತದಲ್ಲ, ಮಾತು ಇರುವುದು ಅಲ್ಲಿ. ಹಕ್ಕು ತಾನಾಗಿ ಬಾಗಿಲಿಗೆ ಬರುವುದಿಲ್ಲ. ಕೇಳಬೇಕು, ಕಾಗದದಲ್ಲಿ ಕೇಳಬೇಕು, ಗಡುವಿನೊಳಗೆ ಕೇಳಬೇಕು.

ಕೇಳುವ ಕಾಗದದ ಹೆಸರು 1040-ಎಕ್ಸ್. ಅದರಲ್ಲಿ ಮೂರು ಕಾಲಂ. ಮೊದಲು ಏನು ಬರೆದಿದ್ದೆ, ಎಷ್ಟು ಬದಲಾಯಿತು, ಸರಿಯಾದದ್ದು ಏನು. ನಮ್ಮ ಬದುಕಿನ ಎಷ್ಟು ಕಾಗದಗಳಿಗೆ ಇಂಥ ಮೂರು ಕಾಲಂ ಬೇಕಿತ್ತು! ಅಂಕಿಗಳ ಆಚೆ ಇನ್ನೊಂದು ಜಾಗವಿದೆ: ಯಾಕೆ ತಿದ್ದುತ್ತಿದ್ದೀರಿ, ವಿವರಿಸಿ. ಅಂಕಿಗಳೇ ತುಂಬಿದ ಕಾಗದದಲ್ಲಿ ಮನುಷ್ಯ ತನ್ನ ಮಾತಿನಲ್ಲಿ ಒಂದು ವಾಕ್ಯ ಬರೆಯುವ ಜಾಗ ಅದು. ‘ನಾವಿಬ್ಬರೂ ವರ್ಷವಿಡೀ ಮದುವೆಯಾಗಿ ಒಟ್ಟಿಗೇ ಇದ್ದೆವು, ಚೌಕ ತಪ್ಪಾಗಿತ್ತು, ಜಂಟಿ ಲೆಕ್ಕಕ್ಕೆ ಬದಲಿಸಿಕೊಳ್ಳುತ್ತಿದ್ದೇವೆ.’ ಇಷ್ಟು ಸಾಕು. ಆ ವಾಕ್ಯವನ್ನು ಇಂಗ್ಲಿಷಿನಲ್ಲಿ ಟೈಪು ಮಾಡುವಾಗ ನಮಗೆ ಕವಿಗೋಷ್ಠಿಯಲ್ಲೂ ಬಾರದ ನಡುಕ ಬರುತ್ತದೆ. ಒಂದು ಮನೆಯ ವರ್ಷದ ಅನ್ನ ಆ ವಾಕ್ಯದ ಮೇಲೆ ನಿಂತಿರುತ್ತದೆ.

ತಿದ್ದುವುದಕ್ಕೂ ಒಂದು ದಿಕ್ಕಿದೆ. ಬೇರೆ ಬೇರೆ ಲೆಕ್ಕ ಕೊಟ್ಟವರು ಮೂಲ ಗಡುವಿನಿಂದ ಮೂರು ವರ್ಷದೊಳಗೆ ಜಂಟಿಯಾಗಬಹುದು. 2024ರ ಲೆಕ್ಕದ ಗಡುವು 2025ರ ಏಪ್ರಿಲ್ 15. ಅಲ್ಲಿಂದ 2028ರ ಏಪ್ರಿಲ್ 15ರವರೆಗೆ. ಆದರೆ ಜಂಟಿಯಾಗಿ ಕೊಟ್ಟವರು ಏಪ್ರಿಲಿನ ಆ ಗಡುವು ದಾಟಿದ ಮೇಲೆ ಆ ವರ್ಷಕ್ಕೆ ಬೇರೆ ಬೇರೆ ಆಗಲು ಬರುವುದಿಲ್ಲ. ಎರಡು ಒಂದಾಗಬಹುದು, ಒಂದು ಎರಡಾಗುವಂತಿಲ್ಲ. ಮದುವೆಯ ಬಗ್ಗೆ ಹಳ್ಳಿ ಪಂಚಾಯ್ತಿ ಕಟ್ಟೆ ಹೇಳಿದ ಮಾತನ್ನೇ ವಾಷಿಂಗ್ಟನ್ನಿನ ಕಾನೂನು ಬೇರೆ ಭಾಷೆಯಲ್ಲಿ ಹೇಳುತ್ತದೆ.

ತಪ್ಪು ಚೌಕದವರಿಗೆ ಇನ್ನೂ ಒಂದು ಮುಳ್ಳುಬೇಲಿ ಇತ್ತು. ಇಲಾಖೆಯ ಬಾಕಿ ನೋಟೀಸು ಬಂದು ತೆರಿಗೆ ನ್ಯಾಯಾಲಯಕ್ಕೆ ಹೋದ ಮೇಲೆ, ಬೇರೆ ಬೇರೆ ಲೆಕ್ಕವನ್ನು ಜಂಟಿ ಮಾಡಿಕೊಳ್ಳುವಂತಿಲ್ಲ ಅನ್ನುವ ಕಲಮು. ಮದುವೆಯಾದ ಒಬ್ಬಾತ 2011ರ ಲೆಕ್ಕದಲ್ಲಿ ತಪ್ಪಾಗಿ ‘ಮನೆ ಯಜಮಾನ’ ಚೌಕದಲ್ಲಿದ್ದ. ಇಲಾಖೆ ಆತನನ್ನು ‘ಬೇರೆ ಬೇರೆ’ಗೆ ತಳ್ಳಿ ಸಹಾಯಧನ ತಡೆಯಿತು. ಜಂಟಿಗೆ ತಿದ್ದಿಕೊಳ್ಳುತ್ತೇನೆ ಅಂದರೆ, ಕೋರ್ಟಿಗೆ ಬಂದಾಯಿತಲ್ಲ, ಹೊತ್ತು ಮೀರಿತು ಅಂದಿತು. 2015ರಲ್ಲಿ ಎಂಟನೇ ವಲಯದ ಮೇಲ್ಮನವಿ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ‘ಬೇರೆ ಬೇರೆ ಲೆಕ್ಕ’ ಅಂದರೆ ಆ ಚೌಕವನ್ನೇ ಆರಿಸಿಕೊಂಡು ಕೊಟ್ಟ ಲೆಕ್ಕ. ತಪ್ಪಾಗಿ ಬೇರೆ ಚೌಕಕ್ಕೆ ಬಿದ್ದದ್ದು ಆರಿಸಿಕೊಂಡಂತೆ ಅಲ್ಲ ಎಂದಿತು. 2017ರಲ್ಲಿ ‘ಒಂಟಿ’ ಚೌಕಕ್ಕೆ ತಪ್ಪಾಗಿ ಬಿದ್ದಿದ್ದ ಒಬ್ಬ ಗಂಡನ ವಿಚಾರದಲ್ಲಿ ತೆರಿಗೆ ನ್ಯಾಯಾಲಯವೂ ಅದೇ ದಾರಿಗೆ ಬಂತು. ತನ್ನದಲ್ಲದ ಕಾಲಮಿನಲ್ಲಿ ನೂಕಿಸಿಕೊಂಡು ನಿಂತವನು ಅದನ್ನು ಆರಿಸಿಕೊಂಡವನಲ್ಲ. ಈ ಮಾತನ್ನು ನಮ್ಮ ಕೇರಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಈ ಚೌಕಗಳನ್ನು ಯಾರು ಎಳೆದರು, ಯಾರನ್ನು ಕಣ್ಣಮುಂದೆ ಇಟ್ಟುಕೊಂಡು ಎಳೆದರು? 1913ರಲ್ಲಿ ಅಮೆರಿಕಾ ತನ್ನ ಸಂವಿಧಾನದ 16ನೇ ತಿದ್ದುಪಡಿಯ ಬಲದಿಂದ ವರಮಾನ ತೆರಿಗೆ ತಂದಿತು. ಅದೇ 1913ರಲ್ಲಿ ಬರೋಡದ ವಿದ್ಯಾರ್ಥಿ ವೇತನ ಹಿಡಿದು ಇಪ್ಪತ್ತೆರಡರ ಹರೆಯದ ಭೀಮರಾವ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಾಲಿಟ್ಟರು. ಅಲ್ಲಿ ಅವರ ಗುರು ಎಡ್ವಿನ್ ಸೆಲಿಗ್‌ಮನ್, ವರಮಾನ ತೆರಿಗೆಯ ಮೇಲೆ 1911ರಲ್ಲಿ ದೊಡ್ಡ ಗ್ರಂಥ ಬರೆದು, ಉಳ್ಳವರು ಹೆಚ್ಚು ಕೊಡಬೇಕೆಂದು ವಾದಿಸಿದವರು. ಬಾಬಾಸಾಹೇಬರ ಪ್ರಾಂತೀಯ ಹಣಕಾಸಿನ ಪುಸ್ತಕ 1925ರಲ್ಲಿ ಅಚ್ಚಾದಾಗ ಮುನ್ನುಡಿ ಬರೆದವರೂ ಅವರೇ. ಬಾಬಾಸಾಹೇಬರನ್ನು ಕೋಟಿನಲ್ಲಿ, ಸಂವಿಧಾನದ ಪುಸ್ತಕದ ಜೊತೆ ಮಾತ್ರ ನೋಡಿದ ನಾವು ಇದನ್ನೂ ನೆನಪಿಡಬೇಕು. ಯಾರಿಂದ ಎಷ್ಟು ಕಿತ್ತು ಯಾರಿಗೆಷ್ಟು ಹಂಚುತ್ತಾರೆ ಅನ್ನುವ ಲೆಕ್ಕ ಅವರು ಕಲಿತ ವಿದ್ಯೆ.

ಮೊದಲು ಅಲ್ಲಿ ತೆರಿಗೆ ಬೀಳುತ್ತಿದ್ದದ್ದು ಆಳಿನ ಮೇಲೆ. ಕೆಲವು ರಾಜ್ಯಗಳಲ್ಲಿ ಗಂಡನ ದುಡಿಮೆಯ ಅರ್ಧ ಹೆಂಡತಿಯದು ಅನ್ನುವ ಆಸ್ತಿ ಕಾನೂನಿತ್ತು. ಅಲ್ಲಿಯ ಸಿರಿವಂತರು ವರಮಾನವನ್ನು ಎರಡು ಹೋಳು ಮಾಡಿ ತೋರಿಸಿ ತೆರಿಗೆ ಇಳಿಸಿಕೊಂಡರು. 1930ರಲ್ಲಿ ಅವರ ಸುಪ್ರೀಂ ಕೋರ್ಟು ಅದು ಸರಿಯೆಂದಿತು. ಉಳಿದ ರಾಜ್ಯಗಳ ಉಳ್ಳವರು ನಮಗೂ ಬೇಕು ಅಂದರು. 1948ರ ಕಾಯಿದೆ ದೇಶದ ಎಲ್ಲ ದಂಪತಿಗೂ ಆ ಹೋಳು ಕೊಟ್ಟಿತು. ಗಂಡ ಬಹಳ ದುಡಿದು ಹೆಂಡತಿ ಮನೆಯಲ್ಲಿದ್ದರೆ ಲಾಭ. ಇಬ್ಬರೂ ಸರಿಸಮ ದುಡಿದರೆ ಏನೂ ಇಲ್ಲ. ಒಂಟಿ ಜನರ ಕೂಗಿಗೆ 1969ರಲ್ಲಿ ಮತ್ತೆ ತಿದ್ದಿದರು. ಅಲ್ಲಿಂದ ಮುಂದೆ ಸರಿಸಮ ದುಡಿಯುವ ಗಂಡ ಹೆಂಡತಿ, ಮದುವೆಯಾದ ಕಾರಣಕ್ಕೇ ಹೆಚ್ಚು ಕಟ್ಟುವಂತಾಯಿತು.

ಯಾರ ಮನೆಯಲ್ಲಿ ಹೆಂಡತಿ ದುಡಿಯದೆ ಕೂರಲು ಬರುತ್ತಿತ್ತು? ಯಾರ ಮನೆಯಲ್ಲಿ ಇಬ್ಬರೂ ದುಡಿಯದೆ ಒಲೆ ಹೊತ್ತುತ್ತಿರಲಿಲ್ಲ? ಡೊರೊಥಿ ಬ್ರೌನ್ ಎಂಬ ಕಪ್ಪು ಜನಾಂಗದ ಕಾನೂನು ಪ್ರಾಧ್ಯಾಪಕಿ ಕೇಳಿದ್ದು ಇದನ್ನೇ. ಆಕೆಯ ತಂದೆ ಕೊಳಾಯಿ ಕೆಲಸದವರು, ತಾಯಿ ನರ್ಸು. ಇಬ್ಬರದೂ ಹೆಚ್ಚೂಕಡಿಮೆ ಒಂದೇ ದುಡಿಮೆ. ಅವರ ತೆರಿಗೆ ಕಾಗದ ಬರೆಯಲು ಕೂತ ಮಗಳಿಗೆ, ಇಷ್ಟು ದುಡಿಮೆಗೆ ಇಷ್ಟೇಕೆ ತೆರಿಗೆ ಅನ್ನುವ ಅನುಮಾನ ಹುಟ್ಟಿತು. ಜಂಟಿ ಲೆಕ್ಕದ ಲಾಭ ಬಿಳಿಯರ ಮನೆಗೆ ಹೆಚ್ಚು, ದಂಡ ಕಪ್ಪು ಜನರ ಮನೆಗೆ ಹೆಚ್ಚು ಅನ್ನುವುದನ್ನು ಆಕೆ 2021ರಲ್ಲಿ ಪುಸ್ತಕವಾಗಿ ಬರೆದರು. ಕಾಗದದ ಮೇಲೆ ಬಣ್ಣದ ಕಾಲಂ ಇಲ್ಲ. ಆದರೂ ಬಣ್ಣ ಕೆಲಸ ಮಾಡುತ್ತದೆ. 2023ರ ಜನವರಿಯಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರೂ ಜೊತೆಗಾರರೂ ಹೊರತಂದ ಅಧ್ಯಯನ, ಕಪ್ಪು ಜನರ ತೆರಿಗೆ ಕಾಗದಗಳ ತಪಾಸಣೆ ಉಳಿದವರಿಗಿಂತ 2.9ರಿಂದ 4.7 ಪಟ್ಟು ಹೆಚ್ಚೆಂದು ತೋರಿಸಿತು. ಬಡವರ ಆ ಸಹಾಯಧನದ ತಪಾಸಣೆಯೇ ಇದಕ್ಕೆ ಬಹುಪಾಲು ಕಾರಣ. ಅದೇ ವರ್ಷ ಮೇ ತಿಂಗಳಲ್ಲಿ ತೆರಿಗೆ ಇಲಾಖೆಯ ಮುಖ್ಯಸ್ಥರು ತಮ್ಮ ಸಂಸತ್ತಿಗೆ ಬರೆದ ಪತ್ರದಲ್ಲಿ ಇದನ್ನು ಒಪ್ಪಿಕೊಂಡರು. ಜಾತಿ ಕೇಳುವುದಿಲ್ಲ, ಲೋಟ ಮಾತ್ರ ಬೇರೆ ಇಡುತ್ತೇವೆ ಅನ್ನುವ ಹೋಟೆಲುಗಳನ್ನು ನಾವೂ ಕಂಡಿದ್ದೇವೆ.

ಪ್ರಭುತ್ವವೇ ತಪ್ಪು ಚೌಕಕ್ಕೆ ನೂಕಿದ ಜನವೂ ಉಂಟು. 1996ರ ಒಂದು ಕಾಯಿದೆ, ಹೆಣ್ಣು ಹೆಣ್ಣನ್ನು ಗಂಡು ಗಂಡನ್ನು ಮದುವೆಯಾದರೆ ಕೇಂದ್ರ ಸರ್ಕಾರದ ಲೆಕ್ಕಕ್ಕೆ ಅದು ಮದುವೆಯೇ ಅಲ್ಲ ಎಂದಿತ್ತು. ರಾಜ್ಯದಲ್ಲಿ ದಂಪತಿ, ತೆರಿಗೆ ಕಾಗದದಲ್ಲಿ ಒಂಟಿ. ಎಡಿತ್ ವಿಂಡ್ಸರ್ ಮತ್ತು ಥಿಯಾ ಸ್ಪೈಯರ್ 2007ರಲ್ಲಿ ಟೊರಾಂಟೋದಲ್ಲಿ ಮದುವೆಯಾದರು. 2009ರಲ್ಲಿ ಥಿಯಾ ತೀರಿಕೊಂಡಾಗ, ಹೆಂಡತಿಯಲ್ಲದವಳೆಂದು ಎಡಿತ್ ಮೇಲೆ 3,63,053 ಡಾಲರ್ ಆಸ್ತಿ ತೆರಿಗೆ ಬಿತ್ತು. ಆ ಮುದುಕಿ ಸುಮ್ಮನಾಗಲಿಲ್ಲ. 2013ರ ಜೂನ್ 26ರಂದು ಸುಪ್ರೀಂ ಕೋರ್ಟು ಆ ಕಲಮನ್ನು ಹೊಡೆದುಹಾಕಿತು. ಆಗಸ್ಟ್ 29ಕ್ಕೆ ತೆರಿಗೆ ಇಲಾಖೆ ಆದೇಶ ಹೊರಡಿಸಿತು: ಇಂಥ ದಂಪತಿ ಇನ್ನು ಮುಂದೆ ಮದುವೆಯಾದವರ ಚೌಕದಲ್ಲೇ ಬರೆಯಬೇಕು, ಇಷ್ಟವಿದ್ದವರು ಗಡುವು ಮುಗಿಯದ ಹಳೆಯ ವರ್ಷಗಳನ್ನೂ ತಿದ್ದಿಕೊಳ್ಳಬಹುದು. ಅದಕ್ಕೂ ಇದೇ 1040-ಎಕ್ಸ್. ಗಡುವು ಮುಗಿದ ವರ್ಷಗಳಲ್ಲಿ ಕಳಕೊಂಡದ್ದು ಮಾತ್ರ ಕಳಕೊಂಡದ್ದೇ. ಅನ್ಯಾಯ ಎಷ್ಟು ವರ್ಷವಾದರೂ ನಡೆಯಬಹುದು, ನ್ಯಾಯಕ್ಕೆ ಮಾತ್ರ ಮೂರು ವರ್ಷ.

ಇದೆಲ್ಲವನ್ನೂ ಒಮ್ಮೆ ಊರಿಗೆ ಹೋದಾಗ ಹೇಳುತ್ತ ಕೂತಿದ್ದೆವು. ರಾಗಿ ಕೇರುತ್ತಿದ್ದ ಅವ್ವ ಕೇಳಿದಳು.

“ರಾತ್ರಿಯೆಲ್ಲ ನಿದ್ದೆಗೆಟ್ಟು ಅದೇನ್ ಬರ್ದೀಯ ಮಗ?”

“ಅಮೆರಿಕಾದವ್ರ ಗಂಡ ಹೆಂಡ್ತಿ ಲೆಕ್ಕ ಕಣವ್ವ.”

“ಯಾಕೆ, ಅವ್ರ ಲೆಕ್ಕ ಅವ್ರಿಗೆ ಬರಾಕಿಲ್ವಾ?”

ಐದು ಚೌಕಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದೆವು. ಮೊರ ನಿಲ್ಲಿಸಿ ಕೇಳಿದಳು: “ಗಂಡ ಬುಟ್ಟೋದೋಳು ಎಲ್ಲಿ ಕುಂತ್ಕಬೇಕು? ತಾಳಿ ಅದೆ, ಗಂಡ ಇಲ್ಲ. ಅವಳದು ಯಾವ್ ಚೌಕ?”

ನಮ್ಮ ಆಫೀಸಿನ ತರಬೇತಿಯಲ್ಲಿ ಯಾರೂ ಇಷ್ಟು ನೇರವಾಗಿ ಕೇಳಿದ್ದಿಲ್ಲ. ಉತ್ತರ ಕಾನೂನಿನಲ್ಲಿದೆ. ವರ್ಷದ ಕೊನೆಯ ಆರು ತಿಂಗಳು ಗಂಡ ಮನೆಯಲ್ಲಿ ಇಲ್ಲದೆ, ಮಗು ತನ್ನ ಜೊತೆಗಿದ್ದು, ಮನೆ ಖರ್ಚಿನ ಅರ್ಧಕ್ಕಿಂತ ಹೆಚ್ಚು ತಾನೇ ಹೊತ್ತವಳನ್ನು ಕಾನೂನು ‘ಮದುವೆಯಾಗದವಳೆಂದು ಭಾವಿಸುತ್ತದೆ’. ಅವಳೇ ಮನೆ ಯಜಮಾನಿ. ಬಡವರ ಸಹಾಯಧನ ಅವಳಿಗುಂಟು. 2024ರಲ್ಲಿ ಮೂರು ಅಥವಾ ಹೆಚ್ಚು ಮಕ್ಕಳಿದ್ದವರಿಗೆ ಅದು 7,830 ಡಾಲರಿನವರೆಗೂ ಇತ್ತು. ಇದು ತಿಳಿಯದೆ ತಾಳಿ ನೋಡಿಕೊಂಡು ‘ಬೇರೆ ಬೇರೆ’ ಚೌಕ ತುಂಬಿದವಳೂ ತಿದ್ದಿಕೊಳ್ಳಬಹುದು. ಅವ್ವ “ಅಂಗಾರೆ ಅವಳೇ ಯಜಮಾನಿ ಅನ್ನು” ಅಂದು ಮತ್ತೆ ಮೊರ ಹಿಡಿದಳು.

ನಮ್ಮ ನಾಡಿನಿಂದ ಕೆಲಸಕ್ಕೆ ಹೋದವರಲ್ಲೂ ಈ ತಪ್ಪು ನಡೆಯುತ್ತದೆ. ಹೆಂಡತಿ ಊರಲ್ಲಿದ್ದಾಳೆ, ಇಲ್ಲಿ ನಾನೊಬ್ಬನೇ ತಾನೆ ಅಂತ ‘ಒಂಟಿ’ ಚೌಕ ತುಂಬುತ್ತಾರೆ. ಊರಲ್ಲಿದ್ದರೂ ಹೆಂಡತಿ ಹೆಂಡತಿಯೇ. ಜಂಟಿಯಾಗಬೇಕಾದರೆ ಆಕೆಗೆ ತೆರಿಗೆ ಸಂಖ್ಯೆ ಬೇಕು, ಆಕೆಯನ್ನೂ ಅಲ್ಲಿಯ ನಿವಾಸಿಯೆಂದು ಲೆಕ್ಕಕ್ಕೆ ತಗೊಳ್ಳಿ ಎಂದು ಇಬ್ಬರೂ ಸಹಿ ಮಾಡಿದ ಹೇಳಿಕೆ ಬೇಕು. ಆಗ ಆಕೆ ಊರಲ್ಲಿ ಗಳಿಸಿದ್ದೂ ಆ ಲೆಕ್ಕಕ್ಕೆ ಸೇರುತ್ತದೆ. ಸಹಿ ಹಾಕುವ ಮುಂಚೆ ಆಕೆಗೆ ಇದನ್ನು ಹೇಳಿದವರೆಷ್ಟು ಮಂದಿಯೋ.

ಯಾಕೆಂದರೆ ಸಹಿ ಸಣ್ಣ ಸಂಗತಿಯಲ್ಲ. ಜಂಟಿ ಲೆಕ್ಕಕ್ಕೆ ಎರಡು ಸಹಿ. ತಿದ್ದಿ ಜಂಟಿ ಮಾಡುವಾಗಲೂ ಎರಡು ಸಹಿ. ಸಹಿ ಬಿದ್ದ ಮೇಲೆ ಗಂಡ ಬಚ್ಚಿಟ್ಟ ವರಮಾನದ ಸಾಲಕ್ಕೆ ಹೆಂಡತಿಯೂ ಪೂರ್ತಿ ಹೊಣೆ, ಸೋಡಚೀಟಿ ಆದ ಮೇಲೂ. ತನಗೆ ಗೊತ್ತೇ ಇರಲಿಲ್ಲ ಅನ್ನುವವಳಿಗೆ 1998ರ ಕಾಯಿದೆ ಒಂದು ದಾರಿ ಅಗಲ ಮಾಡಿತು, ಫಾರಂ 8857. ಹೊಡೆದು ಬೆದರಿಸಿ ಹಾಕಿಸಿಕೊಂಡ ಸಹಿ ಸಹಿಯೇ ಅಲ್ಲ ಅನ್ನುವುದೂ ಅಲ್ಲಿಯ ಕಾನೂನು. ಆದರೆ ಅದನ್ನು ಸಾಬೀತು ಮಾಡುವ ಹೊರೆ ಹೊಡೆಸಿಕೊಂಡವಳದ್ದೇ.

ಅಂಗಡಿಯವನು ತುಂಬಿದ ಸುಳ್ಳು ಚೌಕದ ಶಿಕ್ಷೆಯೂ ಸಹಿ ಹಾಕಿದವರ ತಲೆಗೇ. ನಿಯಮವನ್ನು ಉಡಾಫೆಯಿಂದ ಮೀರಿದಿರಿ ಅಂತ ತೀರ್ಮಾನವಾದರೆ 2 ವರ್ಷ ಆ ಸಹಾಯಧನ ಬಂದ್. ಮೋಸ ಅಂತಾದರೆ 10 ವರ್ಷ. ಹತ್ತು ವರ್ಷವೆಂದರೆ ಒಂದು ಮಗುವಿನ ಇಡೀ ಬಾಲ್ಯ. ನೋಟೀಸು ಬರುವ ಮುಂಚೆ ತಾವಾಗಿ ತಿದ್ದಿಕೊಂಡವರ ಮಾತಿಗೆ ತೂಕ ಹೆಚ್ಚು. ಬಡವರಿಗೆ ಪುಗಸಟ್ಟೆ ಕಾಗದ ಬರೆದುಕೊಡುವ ಸ್ವಯಂಸೇವಕರು ಅಲ್ಲಿದ್ದಾರೆ. ಇಲಾಖೆಯ ಎದುರು ನಿಂತು ವಾದಿಸುವ ಬಡವರ ತೆರಿಗೆ ಕ್ಲಿನಿಕ್ಕುಗಳಿಗೆ ಅದೇ 1998ರ ಕಾಯಿದೆಯಿಂದ ಸರ್ಕಾರದ ಹಣವೂ ಸಿಗುತ್ತದೆ. ಇದ್ದರೂ ಅಂಗಡಿಯವನ ಬೋರ್ಡು ದೊಡ್ಡದು, ಕ್ಲಿನಿಕ್ಕಿನ ಬೋರ್ಡು ಸಣ್ಣದು.

1972ರಲ್ಲಿ ಮುಂಬಯಿಯ ದಲಿತ ತರುಣರು ಅಮೆರಿಕಾದ ಕಪ್ಪು ತರುಣರಿಂದ ಪ್ಯಾಂಥರ್ ಅನ್ನುವ ಹೆಸರನ್ನು ತಗೊಂಡರು. ಆ ಸಂಬಂಧ ಇವತ್ತು ಬೇರೆ ರೂಪದಲ್ಲಿ ನಮ್ಮ ಮೇಜಿನ ಮೇಲೆ ಕೂತಿದೆ. ಗೋದಾಮಿನವನ ಲೆಕ್ಕ, ಹೋಟೆಲು ಗುಡಿಸುವವಳ ಲೆಕ್ಕ, ನಮ್ಮ ಬೆರಳ ಕೆಳಗೆ. ಅವರ ಮುಖ ನಮಗೆ ಕಾಣದು, ನಮ್ಮ ಕೇರಿ ಅವರಿಗೆ ಕಾಣದು. ಆದರೂ ಚೌಕ ತಪ್ಪಿದೆ ಅಂತ ಕಂಡಾಗ, ಒಂದು ಕಾಗದಕ್ಕೆ ಇಷ್ಟೇ ನಿಮಿಷ ಅಂತ ಗಡಿಯಾರ ಒದರುತ್ತಿದ್ದರೂ, ಅಲ್ಲಿಯ ಲೆಕ್ಕಿಗನಿಗೆ ನಾವು ಟಿಪ್ಪಣಿ ಬರೆಯುತ್ತೇವೆ: ಇವರಿಬ್ಬರನ್ನೂ ಕೂರಿಸಿ ಕೇಳಿ, ಒಂದೇ ಮನೆಯೋ ಬೇರೆಯೋ, ಜಂಟಿಯಾದರೆ ಏನು ದಕ್ಕುತ್ತದೆ, ಏನು ಹೆಗಲಿಗೆ ಬೀಳುತ್ತದೆ, ಇಬ್ಬರಿಗೂ ಓದಿ ಹೇಳಿ, ಆಕೆಗೆ ತಿಳಿಯುವ ಭಾಷೆಯಲ್ಲಿ ಹೇಳಿ.

ಹಳ್ಳಿಯಲ್ಲಿ ಪಾಠ ಹೇಳುವ ಮೇಷ್ಟ್ರುಗಳೇ, ನಮ್ಮ ಕೇಳಿಕೆ ನಿಮಗೂ ಇದೇ. ಮಕ್ಕಳಿಗೆ ಪದ್ಯ ಕಲಿಸಿ, ಮಗ್ಗಿ ಕಲಿಸಿ. ಅದರ ಜೊತೆ ಒಂದು ಅರ್ಜಿ ತಂದು ಮುಂದಿಟ್ಟು, ಇದರ ಯಾವ ಕಾಲಂ ಏನು ಕೊಡುತ್ತದೆ ಏನು ಕಸಿಯುತ್ತದೆ ಅಂತ ಓದಿಸಿ. ಹೆಬ್ಬೆಟ್ಟಿನಿಂದ ಸಹಿಗೆ ಬರಲು ನಮಗೆ ಎರಡು ತಲೆಮಾರು ಬೇಕಾಯಿತು. ಸಹಿ ಹಾಕುವ ಮುಂಚೆ ಓದುವುದು, ಓದಿ ಬೇಡ ಅನ್ನುವುದು, ತಪ್ಪಿದ್ದರೆ ತಿದ್ದು ಅನ್ನುವುದು ಮುಂದಿನ ತಲೆಮಾರಿಗೆ ಕಾಯಬೇಕಾದ ಕೆಲಸವಲ್ಲ.